ಮಕ್ಕಳ ಪಾಲು ಹೆಚ್ಚಿದ್ದೇಕೆ?

2021ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಟೆಕ್ಸಾಸ್‌ನ ನಮ್ಮ ಮನೆಗೆ ಶಿವಮೊಗ್ಗದಿಂದ ಅಕ್ಕನ ಕರೆ ಬಂತು. "ಅಲ್ಲ ಕಣೋ, ದೊಡ್ಡವರು ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ಮಕ್ಕಳ ಮೇಲೆ ತಿರುಗುತ್ತದಂತೆ. ನಿಮ್ಮ ಅಮೆರಿಕದಲ್ಲೇ ಹಾಗಾಗಿದೆಯಂತೆ. ಮನೆಯಲ್ಲಿ ಮೊಮ್ಮಗಳಿದ್ದಾಳೆ, ನನಗೆ ಎರಡನೆಯ ಡೋಸ್ ಬೇಡ."

ಅವಳು ಕೇಳಿದ ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ; ತೊಡಕಿದ್ದುದೇ ಅಲ್ಲಿ. ಸೆಪ್ಟೆಂಬರ್ 2ಕ್ಕೆ ಮುಗಿದ ವಾರದಲ್ಲಿ ಅಮೆರಿಕದ ಸುಮಾರು ಎರಡೂವರೆ ಲಕ್ಷ ಮಕ್ಕಳಲ್ಲಿ ಕೋವಿಡ್ ದೃಢಪಟ್ಟಿತ್ತು. ಆ ವಾರದ ಒಟ್ಟು ಪ್ರಕರಣಗಳಲ್ಲಿ ಅದು ಕಾಲು ಭಾಗಕ್ಕೂ ಮಿಗಿಲು.

"ಅಕ್ಕಾ, ಕಾಗದ ತಗೋ" ಎಂದೆ. ನೂರು ರೋಗಿಗಳಲ್ಲಿ ಹಿರಿಯರು 85, ಮಕ್ಕಳು 15 ಎಂದುಕೊಳ್ಳೋಣ. ಲಸಿಕೆಯಿಂದ ಹಿರಿಯರ ಸಂಖ್ಯೆ 35ಕ್ಕೆ ಇಳಿಯಿತು. ಈಗ ಐವತ್ತರಲ್ಲಿ ಹದಿನೈದು ಮಕ್ಕಳು, ಅಂದರೆ ಶೇ. 30. ಪಾಲು ಇಮ್ಮಡಿಯಾಯಿತು, ಕಾಯಿಲೆ ಬಿದ್ದ ಮಕ್ಕಳು ಒಬ್ಬರೂ ಹೆಚ್ಚಲಿಲ್ಲ.

ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವಳು, ಸುಲಭಕ್ಕೆ ಒಪ್ಪುವವಳಲ್ಲ. "ನಿಮ್ಮಲ್ಲಿ ಮಕ್ಕಳ ಸಂಖ್ಯೆಯೂ ಏರಿದೆಯಲ್ಲ?"

ಏರಿದ್ದು ನಿಜ. ಡೆಲ್ಟಾ ಮೊದಲಿನ ತಳಿಗಳಿಗಿಂತ ಬಹಳ ವೇಗವಾಗಿ ಹರಡುತ್ತಿತ್ತು, ಶಾಲೆಗಳು ತೆರೆದಿದ್ದವು. 12ರಿಂದ 15ರ ವಯಸ್ಸಿನವರಿಗೆ ಮೇ ತಿಂಗಳಲ್ಲಷ್ಟೇ ಲಸಿಕೆ ದೊರೆತಿತ್ತು. ಅದಕ್ಕಿಂತ ಚಿಕ್ಕವರಿಗೆ ಇನ್ನೂ ಇರಲಿಲ್ಲ. ಆದರೆ ಹಿರಿಯರ ಲಸಿಕೆಯೇ ರೋಗವನ್ನು ಮಕ್ಕಳತ್ತ ತಳ್ಳುವುದಾದರೆ, ಹೆಚ್ಚು ಲಸಿಕೆ ಹಾಕಿದ ರಾಜ್ಯಗಳಲ್ಲಿಯೇ ಹೆಚ್ಚು ಮಕ್ಕಳು ನರಳಬೇಕಿತ್ತು. ನಡೆದದ್ದು ವಿಪರೀತ. ಸಿಡಿಸಿಯ ಲೆಕ್ಕದಂತೆ, ಆಗಸ್ಟ್ ತಿಂಗಳ ಎರಡು ವಾರಗಳಲ್ಲಿ, ಅತಿ ಕಡಿಮೆ ಲಸಿಕೆಯಾಗಿದ್ದ ರಾಜ್ಯಗಳಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಮಕ್ಕಳ ಪ್ರಮಾಣ ಅತಿ ಹೆಚ್ಚು ಲಸಿಕೆಯಾಗಿದ್ದ ರಾಜ್ಯಗಳಿಗಿಂತ 3.7 ಪಟ್ಟು ಅಧಿಕವಾಗಿತ್ತು.

ಅದೇ ಆಗಸ್ಟ್‌ನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ನಾನೇ ಆಸ್ಪತ್ರೆಗೆ ಕಳುಹಿಸಿದ್ದೆ. ಉಸಿರಾಡಲು ಎದೆ ಸೆಳೆಯುತ್ತಿತ್ತು. ಮನೆಯ ನಾಲ್ವರು ಹಿರಿಯರಲ್ಲಿ ಒಬ್ಬರೂ ಲಸಿಕೆ ಪಡೆದಿರಲಿಲ್ಲ. ಹುಡುಗ ಉಳಿದ. ಅವನ ತಂದೆ ಮರುವಾರ ತೋಳು ಮಡಚಿಕೊಂಡು ಬಂದು ನನ್ನೆದುರು ಕುಳಿತರು. ನಾನು ಏನೂ ಕೇಳಲಿಲ್ಲ.

ಆ ವಯಸ್ಸಿನವರಿಗೆ, ಅಂದರೆ 5ರಿಂದ 11 ವರ್ಷದವರಿಗೆ, ಹಿರಿಯರ ಪ್ರಮಾಣದ ಮೂರನೆಯ ಒಂದರಷ್ಟು, 10 ಮೈಕ್ರೋಗ್ರಾಂ ಫೈಜರ್ ಲಸಿಕೆ, ಇಲ್ಲಿ ದೊರೆತದ್ದು ನವೆಂಬರ್‌ನಲ್ಲಿ. ಆ ಬಳಿಕ ಬಂದ ಓಮಿಕ್ರಾನ್ ಲಸಿಕೆ ಪಡೆದವರಿಗೂ ಧಾರಾಳವಾಗಿ ತಗುಲಿತು ಎಂಬುದನ್ನೂ ಹೇಳಬೇಕು. ರೋಗ ಉಲ್ಬಣಿಸದಂತೆ ತಡೆಯುವ ಗುಣ ಮಾತ್ರ ಉಳಿದಿತ್ತು.

ನಾಲ್ಕನೆಯ ದಿನ ಅಕ್ಕನ ಸಂದೇಶ: "ಹಾಕಿಸಿಕೊಂಡೆ. ತೋಳು ನೋಯುತ್ತಿದೆ. ನಿನ್ನ ಲೆಕ್ಕ ಪಕ್ಕದ ಮನೆಯವರಿಗೆ ಹೇಳಿದೆ, ತಲೆಗೆ ಹತ್ತಲಿಲ್ಲ. ನಾಳೆ ಇನ್ನೊಮ್ಮೆ ಹೇಳುತ್ತೇನೆ."