ಲೈಸೆನ್ಸ್ ಯಾರ ಕೈಯಲ್ಲಿದೆ? ಹಂಚಿಕೆಯ ಸಾಫ್ಟ್‌ವೇರ್ ಕುರಿತು ಒಂದಿಷ್ಟು



ನಾಳೆ ಪ್ರಾಜೆಕ್ಟ್ ಒಪ್ಪಿಸಬೇಕು. ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್ ತೆರೆದರೆ, ಬಳಕೆದಾರರ ಸಂಖ್ಯೆ ಮಿತಿ ಮುಟ್ಟಿದೆ ಎಂಬ ಸಂದೇಶ, ಜೊತೆಗೆ ‘-4’ ಎಂಬ ಅಂಕೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳಿಗೂ ಹೊಸೂರಿನ ಕಾರ್ಖಾನೆಗಳ ಡಿಸೈನ್ ವಿಭಾಗದಲ್ಲಿರುವ ಸದಸ್ಯರಿಗೂ ಇದು ಹೊಸತೇನಲ್ಲ. ಕಂಪ್ಯೂಟರ್ ಕೆಟ್ಟಿತೆಂದು ಗಾಬರಿಯಾಗುವವರೇ ಹೆಚ್ಚು. ಅದು ಕೆಟ್ಟಿರುವುದಿಲ್ಲ, ಲೈಸೆನ್ಸ್ ಬೇರೆಯವರ ಕೈಯಲ್ಲಿರುತ್ತದೆ, ಅಷ್ಟೆ.

ಇಂಥ ಸಾಫ್ಟ್‌ವೇರ್ ದುಬಾರಿ. ನೂರು ಕಂಪ್ಯೂಟರ್‌ಗಳಿರುವ ಸಂಸ್ಥೆ ಬಹುಶಃ ಇಪ್ಪತ್ತೈದು ಲೈಸೆನ್ಸ್ ಕೊಳ್ಳುತ್ತದೆ. ಸಾಫ್ಟ್‌ವೇರ್ ನೂರರಲ್ಲೂ ಇರುತ್ತದೆ, ಏಕಕಾಲಕ್ಕೆ ನಡೆಯುವುದು ಇಪ್ಪತ್ತೈದರಲ್ಲಿ ಮಾತ್ರ. ಲೆಕ್ಕ ಇಡುವುದು ಲೈಸೆನ್ಸ್ ಸರ್ವರ್. ಹೆಚ್ಚು ಬಳಕೆಯಲ್ಲಿರುವುದು ಫ್ಲೆಕ್ಸ್‌ನೆಟ್. ಹಳಬರಿಗೆ ಫ್ಲೆಕ್ಸ್‌ಎಲ್‌ಎಂ ಎಂಬ ಹೆಸರೇ ರೂಢಿ. ನಾವು ಪ್ರೋಗ್ರಾಂ ತೆರೆದಾಗ ಅದು ಸರ್ವರ್ ಬಳಿ ಹೋಗಿ ಒಂದು ಲೈಸೆನ್ಸ್ ಪಡೆಯುತ್ತದೆ, ಮುಚ್ಚಿದಾಗ ಹಿಂದಿರುಗಿಸುತ್ತದೆ. ವಾಚನಾಲಯದ ಪುಸ್ತಕದ ಹಾಗೆ.

ತೊಡಕು ಇರುವುದು ಹಿಂದಿರುಗಿಸುವಲ್ಲಿ. ಪ್ರೋಗ್ರಾಂ ತೆರೆದಿರುವಷ್ಟು ಹೊತ್ತು ‘ನಾನಿದ್ದೇನೆ’ ಎಂದು ಸರ್ವರ್‌ಗೆ ಆಗಾಗ ಸುದ್ದಿ ಕಳಿಸುತ್ತಿರುತ್ತದೆ, ಸಾಮಾನ್ಯವಾಗಿ 120 ಸೆಕೆಂಡಿಗೊಮ್ಮೆ. ಕಿಟಕಿಯನ್ನು ಕೆಳಗಿಳಿಸಿ ಊಟಕ್ಕೆ ಹೋದರೂ ಈ ಸುದ್ದಿ ನಿಲ್ಲುವುದಿಲ್ಲ. ಸಂಜೆ ಪರದೆಗೆ ಬೀಗ ಹಾಕಿ ಮನೆಗೆ ಹೋದವರು ರಾತ್ರಿಯಿಡೀ ಒಂದು ಲೈಸೆನ್ಸ್ ಹಿಡಿದಿಟ್ಟಂತೆಯೇ. ಮ್ಯಾಟ್‌ಲ್ಯಾಬ್‌ನಲ್ಲಿ ಇನ್ನೂ ಒಂದು ಮಾತಿದೆ: ಯಾವುದಾದರೂ ಟೂಲ್‌ಬಾಕ್ಸ್‌ನ ಒಂದೇ ಒಂದು ಆದೇಶ ಬಳಸಿದರೂ ಅದರ ಲೈಸೆನ್ಸ್ ಮ್ಯಾಟ್‌ಲ್ಯಾಬ್ ಮುಚ್ಚುವವರೆಗೆ ನಿಮ್ಮ ಹೆಸರಲ್ಲೇ ಇರುತ್ತದೆ. ಕೆಲಸ ಮುಗಿಯಿತೆಂದು ಅದು ಬಿಟ್ಟುಕೊಡುವುದಿಲ್ಲ.

ಸುಮ್ಮನೆ ಕುಳಿತ ಲೈಸೆನ್ಸನ್ನು ಹಿಂಪಡೆಯುವ ಕಾಲಮಿತಿಯನ್ನು ಆಡಳಿತಗಾರರು ಹಾಕಬಹುದು, ಆದರೆ ಸಾಫ್ಟ್‌ವೇರ್ ಅದಕ್ಕೆ ಒಪ್ಪುವಂತಿರಬೇಕು. ‘ಎಲ್‌ಎಂಸ್ಟ್ಯಾಟ್’ ಎಂಬ ಆದೇಶದಿಂದ ಯಾರು, ಯಾವ ಕಂಪ್ಯೂಟರಿನಲ್ಲಿ, ಎಷ್ಟು ಹೊತ್ತಿನಿಂದ ಹಿಡಿದಿದ್ದಾರೆಂದು ತಿಳಿಯುತ್ತದೆ. ‘ಎಲ್‌ಎಂರಿಮೂವ್’ನಿಂದ ಬಲವಂತವಾಗಿ ಕಿತ್ತುಕೊಳ್ಳಲೂಬಹುದು. ಆ ಪ್ರೋಗ್ರಾಂ ಇನ್ನೂ ಜೀವಂತವಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಪಡೆದುಕೊಳ್ಳುತ್ತದೆ! ಹಾಗಾಗಿ ಪಟ್ಟಿ ನೋಡಿ ಆ ವ್ಯಕ್ತಿಗೆ ಫೋನ್ ಮಾಡುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಒಂದು ವಿಭಾಗಕ್ಕೆಂದು ಕಾಯ್ದಿರಿಸಿದ ಲೈಸೆನ್ಸ್ ಖಾಲಿ ಕುಳಿತರೂ ಉಳಿದವರಿಗೆ ಸಿಗದು. ಜಗಳಗಳಿಗೆ ಇದೂ ಒಂದು ಮೂಲ.

ಎಲ್ಲ ಕಂಪನಿಗಳೂ ಹೀಗೆ ಹಂಚಿಕೊಳ್ಳಲು ಬಿಡುತ್ತವೆಂದಲ್ಲ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ 2020ರಿಂದ ಗ್ರಾಹಕರನ್ನು ಹೆಸರಿಗೊಂದು ಲೈಸೆನ್ಸ್ ಪದ್ಧತಿಯತ್ತ ತಿರುಗಿಸಿತು.

ಹಬ್ಬಕ್ಕೆ ಊರಿಗೆ ಬರುವವರಿಗೆ ಎರವಲಿನ ಅನುಕೂಲ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ. ಸಂಸ್ಥೆಯ ನೆಟ್‌ವರ್ಕ್‌ನಲ್ಲಿರುವಾಗಲೇ ಇಂತಿಷ್ಟು ದಿನಕ್ಕೆಂದು ಲೈಸೆನ್ಸನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ, ಇಂಟರ್ನೆಟ್ ಇಲ್ಲದ ಕಡೆಯೂ ಕೆಲಸ ನಡೆಯುತ್ತದೆ. ಗಡುವಿನ ದಿನ ಅದು ತಾನಾಗಿ ಸರ್ವರ್‌ಗೆ ಮರಳುತ್ತದೆ. ಅದಕ್ಕೆ ಮೊದಲು ಮರಳಿಸಬೇಕೆಂದರೆ ಅದೇ ಲ್ಯಾಪ್‌ಟಾಪನ್ನು ನೆಟ್‌ವರ್ಕ್‌ಗೆ ಜೋಡಿಸಬೇಕು. ನಡುವೆ ಲ್ಯಾಪ್‌ಟಾಪ್ ಕೆಟ್ಟರೆ ಸಹೋದ್ಯೋಗಿಗಳು ಗಡುವಿನವರೆಗೆ ಕಾಯಬೇಕಾದೀತು. ಆದ್ದರಿಂದ ನಾಲ್ಕು ದಿನದ ರಜೆಗೆ ನಾಲ್ಕೇ ದಿನ ಎರವಲು ಪಡೆಯಿರಿ, ತಿಂಗಳಿಡೀ ಬೇಡ.