ಸಾಕು ಹಾವಿನ ಗೂಡಿಗೆ ಎಷ್ಟು ಬಿಸಿ ಬೇಕು?

ನಾಯಿಗೆ ಚಳಿಯಾದರೆ ನಡುಗುತ್ತದೆ, ಬೆಕ್ಕು ಬಂದು ನಮ್ಮ ಮಡಿಲಲ್ಲಿ ಮುದುಡಿಕೊಳ್ಳುತ್ತದೆ. ಹಾವಿಗೆ ಚಳಿಯಾದರೆ? ಸುಮ್ಮನೆ ಬಿದ್ದಿರುತ್ತದೆ. ಸೆಕೆಯಾದರೂ ಹೆಚ್ಚೂಕಡಿಮೆ ಹಾಗೆಯೇ. ಅದು ಕೂಗುವುದಿಲ್ಲ, ಮುಖದಲ್ಲಿ ನೋವು ತೋರಿಸುವುದಿಲ್ಲ. ಹೀಗಾಗಿ ಸಾಕಿದವರಿಗೆ ವಿಷಯ ತಿಳಿಯುವುದು ಹಾವು ಊಟ ಬಿಟ್ಟಾಗ, ತಿಂದದ್ದನ್ನು ಕಕ್ಕಿದಾಗ, ಇಲ್ಲವೇ ಹೊಟ್ಟೆಯ ಅಡಿ ಸುಟ್ಟ ಗಾಯ ಕಂಡಾಗ. ಇಂಥ ಹಾವನ್ನು ಪಶುವೈದ್ಯರ ಬಳಿಗೆ ಒಯ್ದರೆ ಅವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಗೂಡಿನೊಳಗೆ ಬಿಸಿ ಎಷ್ಟಿದೆ?" ಎಂಬುದು.

ಅಮೆರಿಕ, ಬ್ರಿಟನ್‌, ಜರ್ಮನಿಯಂಥ ದೇಶಗಳಲ್ಲಿ ಹಾವು ಸಾಕುವುದು ಸಾಮಾನ್ಯ ಹವ್ಯಾಸ. ಅಲ್ಲಿ ಹೆಚ್ಚು ಸಾಕುವುದು ಎರಡು ಬಗೆಯ ವಿಷವಿಲ್ಲದ ಹಾವುಗಳನ್ನು. ಒಂದು, ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್‌ ಪೈಥಾನ್‌. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಆ ಹೆಸರು. ಇನ್ನೊಂದು, ಅಮೆರಿಕದ ಆಗ್ನೇಯ ಭಾಗದ ಕಾರ್ನ್‌ ಸ್ನೇಕ್‌. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಮಕ್ಕಳು "ನನಗೂ ಒಂದು ಹಾವು ಬೇಕು" ಎಂದು ಹಟ ಹಿಡಿದರೆ ಅಚ್ಚರಿಯಿಲ್ಲ. ಬೇಕು ಎನ್ನುವ ಮೊದಲು ಅದರ ಮೈಬಿಸಿಯ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಹಾವಿನ ರಕ್ತ ನಿಜಕ್ಕೂ ತಣ್ಣಗಿರುತ್ತದೆಯೇ?

ಹಾವು "ಶೀತರಕ್ತ ಪ್ರಾಣಿ" ಎಂದು ಶಾಲೆಯಲ್ಲಿ ಓದಿದ್ದೇವೆ. ಈ ಪದದಿಂದಲೇ ಅರ್ಧ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಹಾವಿಗೆ ತಂಪು ಇಷ್ಟ, ಅದನ್ನು ತಂಪಾಗಿಟ್ಟರೆ ಸಾಕು ಎಂದು ಹಲವರು ನಂಬಿದ್ದಾರೆ. ಬಿಸಿಲಿನಲ್ಲಿ ಮೈ ಕಾಯಿಸಿಕೊಂಡ ಹಾವಿನ ರಕ್ತ 30 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬಹುದು. ಅಂದರೆ ನಮ್ಮ ರಕ್ತದ 37 ಡಿಗ್ರಿಗಿಂತ ಕೆಲವೇ ಡಿಗ್ರಿ ಕಡಿಮೆ.

ನಮಗೂ ಹಾವಿಗೂ ಇರುವ ವ್ಯತ್ಯಾಸ ಬಿಸಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ. ನಾವು ಉಂಡ ಅನ್ನದ ದೊಡ್ಡ ಪಾಲು ಮೈಯನ್ನು ಬೆಚ್ಚಗಿಡಲು ಖರ್ಚಾಗುತ್ತದೆ. ನಮ್ಮೊಳಗೊಂದು ಒಲೆ ಸದಾ ಉರಿಯುತ್ತಿರುತ್ತದೆ. ಹಾವಿನೊಳಗೆ ಆ ಒಲೆ ಇಲ್ಲ. ಅದು ಬಿಸಿಯನ್ನು ಹೊರಗಿನಿಂದ, ಅಂದರೆ ಬಿಸಿಲು, ಕಾದ ಕಲ್ಲು, ಬೆಚ್ಚನೆಯ ಬಿಲದಿಂದ ಸಾಲ ತೆಗೆದುಕೊಳ್ಳುತ್ತದೆ. ಒಲೆಗೆ ಸೌದೆ ಬೇಕಿಲ್ಲದ ಕಾರಣ ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ ತಿಂದರೂ ಅದರ ಬದುಕು ನಡೆಯುತ್ತದೆ.

1944ರಲ್ಲಿ ರೇಮಂಡ್‌ ಕೌಲ್ಸ್‌ ಮತ್ತು ಚಾರ್ಲ್ಸ್‌ ಬೋಗರ್ಟ್‌ ಎಂಬ ಇಬ್ಬರು ಅಮೆರಿಕನ್‌ ವಿಜ್ಞಾನಿಗಳು ಮರುಭೂಮಿಯ ಸರೀಸೃಪಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹಾವು, ಹಲ್ಲಿಗಳ ಮೈಬಿಸಿ ಗಾಳಿಯ ಬಿಸಿಯಂತೆ ಸುಮ್ಮನೆ ಏರಿಳಿಯುವುದಿಲ್ಲ, ಬಿಸಿಲಿಗೆ ಬಂದು ನೆರಳಿಗೆ ಸರಿದು ಅವು ತಮಗೆ ಬೇಕಾದ ಬಿಸಿಯನ್ನು ತಾವೇ ಕಾಪಾಡಿಕೊಳ್ಳುತ್ತವೆ ಎಂದು ಅದು ತೋರಿಸಿತು. ಹಾವು ಸಾಕುವವರಿಗೆ ಇದಕ್ಕಿಂತ ಮುಖ್ಯ ಪಾಠ ಇನ್ನೊಂದಿಲ್ಲ. ಕಾಡಿನಲ್ಲಿ ಹಾವಿಗೆ ಹತ್ತು ಜಾಗಗಳ ಆಯ್ಕೆ ಇದೆ. ಗಾಜಿನ ಪೆಟ್ಟಿಗೆಯಲ್ಲಿ ನಾವು ಕೊಟ್ಟಷ್ಟೇ ಆಯ್ಕೆ.

ಬಿಸಿ ಸಾಲದಿದ್ದರೆ ಏನಾಗುತ್ತದೆ?

ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಬಿಸಿಯನ್ನು ಅವಲಂಬಿಸಿದೆ. ಒಂದು ಸ್ಥೂಲ ಲೆಕ್ಕದಲ್ಲಿ, ಬಿಸಿ 10 ಡಿಗ್ರಿ ಇಳಿದರೆ ಈ ಕ್ರಿಯೆಗಳ ವೇಗ ಅರ್ಧಕ್ಕೋ ಮೂರನೇ ಒಂದಕ್ಕೋ ಕುಸಿಯುತ್ತದೆ. ನಮಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ನಮ್ಮ ಒಳಗಿನ ಬಿಸಿ ಬದಲಾಗುವುದೇ ಅಪರೂಪ. ಹಾವಿಗೆ ಇದು ದಿನನಿತ್ಯದ ಸಂಗತಿ.

ಊಟದ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಹಾವು ಅಗಿಯುವುದಿಲ್ಲ, ಇಡೀ ಇಲಿಯನ್ನು ನುಂಗುತ್ತದೆ. ಕೂದಲು, ಮೂಳೆ ಸಮೇತ ಅದನ್ನು ಕರಗಿಸುವುದು ಭಾರೀ ಕೆಲಸ. ಬರ್ಮಾ ಹೆಬ್ಬಾವು ದೊಡ್ಡ ಊಟ ಮಾಡಿದ ಎರಡು ದಿನಗಳಲ್ಲಿ ಅದರ ಹೃದಯದ ಸ್ನಾಯು ಶೇಕಡ 40ರಷ್ಟು ಹಿಗ್ಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇಷ್ಟೆಲ್ಲ ನಡೆಯಲು ಬಿಸಿ ಬೇಕು. ಗೂಡು ತಣ್ಣಗಿದ್ದರೆ ಹೊಟ್ಟೆಯಲ್ಲಿ ಕಿಣ್ವಗಳು ನಿಧಾನವಾಗುತ್ತವೆ, ಇಲಿ ಜೀರ್ಣವಾಗುವ ಮೊದಲೇ ಕೊಳೆಯತೊಡಗುತ್ತದೆ. ಆಗ ಹಾವು ಅದನ್ನು ಕಕ್ಕುತ್ತದೆ. "ಪಾಪ, ಹಸಿದಿದೆ" ಎಂದು ಮರುದಿನವೇ ಇನ್ನೊಂದು ಇಲಿ ಕೊಟ್ಟರೆ ಅದನ್ನೂ ಕಕ್ಕುವ ಸಾಧ್ಯತೆಯೇ ಹೆಚ್ಚು. ಮೊದಲು ಬಿಸಿ ಸರಿಪಡಿಸಬೇಕು, ಹೊಟ್ಟೆ ಸುಧಾರಿಸಲು ಒಂದೆರಡು ವಾರ ಬಿಡಬೇಕು, ನಂತರ ಚಿಕ್ಕ ಊಟದಿಂದ ಶುರುಮಾಡಬೇಕು.

ಎರಡನೆಯದು, ಸೋಂಕು. ರೋಗ ತಡೆಯುವ ವ್ಯವಸ್ಥೆಯೂ ಬಿಸಿ ಇದ್ದರೇ ಚುರುಕು. ತಣ್ಣಗಿನ, ಒದ್ದೆ ಗೂಡಿನಲ್ಲಿ ಇಟ್ಟ ಹಾವುಗಳಿಗೆ ಉಸಿರಾಟದ ಸೋಂಕು ಸುಲಭವಾಗಿ ತಗಲುತ್ತದೆ. ಹಾವಿಗೆ ನಮ್ಮಂತೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಗೊರಗೊರ ಸದ್ದು ಕಂಡರೆ ಕಾಯದೆ ವೈದ್ಯರಿಗೆ ತೋರಿಸಬೇಕು.

1975ರಲ್ಲಿ ಮ್ಯಾಥ್ಯೂ ಕ್ಲೂಗರ್‌ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾ ಎಂಬ ಹಲ್ಲಿಗಳ ಮೇಲೆ ನಡೆಸಿದ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಬ್ಯಾಕ್ಟೀರಿಯಾ ಸೋಂಕು ತಗಲಿದ ಈ ಹಲ್ಲಿಗಳು ಎಂದಿಗಿಂತ ಬಿಸಿ ಜಾಗ ಹುಡುಕಿ ಹೋಗುತ್ತವೆ ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು. ಅಂದರೆ, ಓಡಾಡಿ ಜ್ವರ ಬರಿಸಿಕೊಳ್ಳುತ್ತವೆ! ಹಾಗೆ ಬಿಸಿಯಾಗಿದ್ದವು ಹೆಚ್ಚಾಗಿ ಬದುಕಿದವು, ತಂಪಿನಲ್ಲಿ ಇಟ್ಟವು ಹೆಚ್ಚಾಗಿ ಸತ್ತವು. ಅದು ಹಲ್ಲಿಯ ಪ್ರಯೋಗ ನಿಜ. ಆದರೆ ಹೊರಗಿನ ಬಿಸಿಯನ್ನೇ ನಂಬಿದ ಪ್ರಾಣಿಗೆ ಬಿಸಿಯ ಆಯ್ಕೆ ತಪ್ಪಿಸಿದರೆ ಏನಾದೀತು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ.

ಹಾಗಾದರೆ ಹೆಚ್ಚು ಬಿಸಿ ಇದ್ದರೆ ಒಳ್ಳೆಯದಲ್ಲವೇ?

ಅಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಿಸಿ ಏರಿದಂತೆ ಹಾವಿನ ದೇಹ ಚುರುಕಾಗುತ್ತಾ ಹೋಗಿ ಒಂದು ಉತ್ತಮ ಮಟ್ಟ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇಳಿಜಾರು ನಿಧಾನವಾಗಿಲ್ಲ, ಪ್ರಪಾತವೇ. ಸುಮಾರು 30 ಡಿಗ್ರಿ ಹಿತವಾಗಿದ್ದರೆ, 20 ಡಿಗ್ರಿಗೆ ಇಳಿದ ಆರೋಗ್ಯವಂತ ಹಾವು ಒಂದೆರಡು ದಿನ ಮಂಕಾಗಿ ಬಿದ್ದಿದ್ದು ಸುಧಾರಿಸಿಕೊಳ್ಳಬಹುದು. ಅದೇ ಹತ್ತು ಡಿಗ್ರಿ ಮೇಲಕ್ಕೆ, 40ಕ್ಕೆ ಹೋದರೆ ಜೀವವೇ ಹೋಗಬಹುದು. ಹಾವು ಬೆವರುವುದಿಲ್ಲ, ನಾಯಿಯಂತೆ ತೇಕಿ ತಣಿಯಲಾರದು. ಅದಕ್ಕಿರುವ ದೊಡ್ಡ ಉಪಾಯ ಜಾಗ ಬದಲಿಸುವುದು. ಜಾಗವೇ ಇಲ್ಲದಿದ್ದರೆ ಉಪಾಯವೂ ಇಲ್ಲ.

ಆದ್ದರಿಂದ "ನನ್ನ ಹಾವಿಗೆ ಎಷ್ಟು ಡಿಗ್ರಿ?" ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ಗೂಡಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಬಾಲ್‌ ಪೈಥಾನ್‌ಗೆ ಬೆಚ್ಚನೆಯ ತುದಿ ಸುಮಾರು 31ರಿಂದ 33 ಡಿಗ್ರಿ, ತಂಪು ತುದಿ 25ರಿಂದ 27 ಡಿಗ್ರಿ. ಕಾರ್ನ್‌ ಸ್ನೇಕ್‌ಗೆ ಬೆಚ್ಚನೆಯ ತುದಿ 28ರಿಂದ 30, ತಂಪು ತುದಿ 21ರಿಂದ 24. ಎರಡೂ ತುದಿಗಳಲ್ಲಿ ಅಡಗಿಕೊಳ್ಳಲು ಒಂದೊಂದು ಗುಹೆಯಂಥ ಮರೆ ಇರಬೇಕು. ಮರೆ ಒಂದೇ ಕಡೆ ಇದ್ದರೆ ಹಾವು ಭಯಕ್ಕೂ ಬಿಸಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಭಯ ಗೆದ್ದರೆ ಅದು ತಣ್ಣನೆಯ ಮರೆಯಲ್ಲೇ ಉಳಿದುಬಿಡುತ್ತದೆ. ಚಿಕ್ಕ ಡಬ್ಬಿಯಲ್ಲಿ ಈ ಎರಡು ತುದಿಗಳ ವ್ಯತ್ಯಾಸ ತರಲಾಗುವುದಿಲ್ಲ, ಇಡೀ ಡಬ್ಬಿ ಒಂದೇ ಬಿಸಿಗೆ ಬಂದುಬಿಡುತ್ತದೆ. ಗೂಡು ಉದ್ದವಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಶಾಖ ಗುರುತಿಸುವ ಹಾವು ಸುಟ್ಟುಕೊಳ್ಳುವುದೇಕೆ?

ಬಾಲ್‌ ಪೈಥಾನ್‌ನ ತುಟಿಯ ಅಂಚಿನಲ್ಲಿ ಚಿಕ್ಕ ಕುಳಿಗಳಿವೆ. ಕತ್ತಲಲ್ಲೂ ಇಲಿಯ ಮೈಯಿಂದ ಬರುವ ಅವಕೆಂಪು ಕಿರಣಗಳನ್ನು ಅವು ಗ್ರಹಿಸುತ್ತವೆ. ಇಷ್ಟು ಸೂಕ್ಷ್ಮ ಪ್ರಾಣಿ ಕೃತಕ ಬಿಸಿ ಕಲ್ಲಿನ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ ಎಂದರೆ ನಂಬುವುದು ಕಷ್ಟ. "ಹಾವಿನ ಹೊಟ್ಟೆಗೆ ಸ್ಪರ್ಶವೇ ಇಲ್ಲ" ಎಂದು ಹೇಳುವವರೂ ಇದ್ದಾರೆ. ಅದು ತಪ್ಪು, ಹೊಟ್ಟೆಯ ಚರ್ಮದಲ್ಲೂ ನರಗಳಿವೆ.

ವಿಷಯ ಇರುವುದು ಬೇರೆಡೆ. ಗೂಡಿನ ಗಾಳಿ ತಣ್ಣಗಿದ್ದು ಕಲ್ಲು ಮಾತ್ರ ಬಿಸಿಯಾಗಿದ್ದರೆ, ಹಾವಿನ ಒಳಮೈ ಬಿಸಿಯಾಗುವುದೇ ಇಲ್ಲ. ಅದು "ಇನ್ನೂ ಸಾಲದು" ಎಂದು ಅಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಕಲ್ಲಿಗೆ ತಾಗಿದ ಚರ್ಮ ನಿಧಾನವಾಗಿ ಬೇಯುತ್ತದೆ. ಸುಡಲು ಕೆಂಡವೇ ಬೇಕಿಲ್ಲ. ನಮ್ಮ ಚರ್ಮಕ್ಕೂ 44 ಡಿಗ್ರಿಯ ವಸ್ತು ಕೆಲವು ಗಂಟೆ ಒತ್ತಿಕೊಂಡಿದ್ದರೆ ಗಾಯವಾಗುತ್ತದೆ. ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋದವರಿಗೆ ಬೊಬ್ಬೆ ಏಳುವುದೂ ಹೀಗೆಯೇ. ನಿಯಂತ್ರಣವಿಲ್ಲದ ಬಿಸಿ ಕಲ್ಲು, ಬಿಸಿ ಹಾಸು ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ.

ಹಾಗಾದರೆ ಏನು ಮಾಡಬೇಕು?

ಬಿಸಿ ಕಲ್ಲು ಬೇಡವೇ ಬೇಡ. ಬಿಸಿ ಮೇಲಿನಿಂದ ಬರುವುದು ಬಿಸಿಲಿಗೆ ಹತ್ತಿರ. ಹಗಲಿಗೆ ಹ್ಯಾಲೊಜೆನ್‌ ದೀಪ, ರಾತ್ರಿಗೆ ಬೆಳಕು ಕೊಡದ ಸೆರಾಮಿಕ್‌ ಹೀಟರ್‌ ಬಳಸಬಹುದು. ರಾತ್ರಿ ಕೆಂಪು ಬಲ್ಬ್‌ ಹಾಕಿದರೆ ಹಾವಿಗೆ ಕಾಣುವುದಿಲ್ಲ ಎಂಬ ಮಾತನ್ನು ನಂಬಿ ಇಡೀ ರಾತ್ರಿ ಉರಿಸಬೇಡಿ, ಕತ್ತಲೆಯೂ ಹಾವಿಗೆ ಬೇಕು. ದೀಪ ಗೂಡಿನ ಒಳಗಿದ್ದರೆ ಅದರ ಸುತ್ತ ಜಾಲರಿ ಇರಲಿ, ಇಲ್ಲದಿದ್ದರೆ ಹಾವು ಬಲ್ಬಿಗೇ ಸುತ್ತಿಕೊಳ್ಳುತ್ತದೆ.

ಯಾವ ಹೀಟರ್‌ ಆದರೂ ಥರ್ಮೋಸ್ಟಾಟ್‌ ಇಲ್ಲದೆ ಹಾಕಬಾರದು. ಇದು ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಇರುವಂಥದ್ದೇ ಕೆಲಸ ಮಾಡುತ್ತದೆ, ನಿಗದಿತ ಬಿಸಿ ಮುಟ್ಟಿದಾಗ ವಿದ್ಯುತ್‌ ಕಡಿತಗೊಳಿಸುತ್ತದೆ ಇಲ್ಲವೇ ತಗ್ಗಿಸುತ್ತದೆ. ಅದರ ತಂತಿಯ ತುದಿಯಲ್ಲಿರುವ ಸಂವೇದಕವನ್ನು ಬೆಚ್ಚನೆಯ ತುದಿಯಲ್ಲಿ ಗಟ್ಟಿಯಾಗಿ ಕಟ್ಟಿರಬೇಕು. ಹಾವು ಅದನ್ನು ತಳ್ಳಿ ಗೂಡಿನ ಹೊರಗೋ ನೀರಿನ ಬಟ್ಟಲಿಗೋ ಬೀಳಿಸಿತು ಎನ್ನಿ. ಥರ್ಮೋಸ್ಟಾಟ್‌ "ಇನ್ನೂ ತಣ್ಣಗಿದೆ" ಎಂದುಕೊಂಡು ಹೀಟರನ್ನು ಬಿಡದೆ ಉರಿಸುತ್ತದೆ. ಹೀಗಾಗಿ ಥರ್ಮೋಸ್ಟಾಟ್‌ ತೋರಿಸುವ ಸಂಖ್ಯೆಯೊಂದನ್ನೇ ನಂಬದೆ ಎರಡೂ ತುದಿಗಳಲ್ಲಿ ಪ್ರತ್ಯೇಕ ಡಿಜಿಟಲ್‌ ಥರ್ಮಾಮೀಟರ್‌ ಇಡಬೇಕು. ಹಾವು ಇರುವುದು ನೆಲದ ಮೇಲೆ, ಆದ್ದರಿಂದ ಅಳತೆಯೂ ಅಲ್ಲೇ. ಗಾಜಿನ ಮೇಲೆ ಎತ್ತರದಲ್ಲಿ ಅಂಟಿಸಿದ ಅಗ್ಗದ ಡಯಲ್‌ ಹೇಳುವುದು ಗಾಜಿನ ಕಥೆ, ಹಾವಿನದಲ್ಲ. ಗುರಿಯಿಟ್ಟು ಅಳೆಯುವ ಅವಕೆಂಪು ಥರ್ಮಾಮೀಟರ್‌ ಮೇಲ್ಮೈಯ ಬಿಸಿಯನ್ನು ತೋರಿಸುತ್ತದೆ, ಗಾಳಿಯದ್ದನ್ನಲ್ಲ. ಹಾವನ್ನು ತರುವ ಮೊದಲೇ ಗೂಡನ್ನು ಕೆಲವು ದಿನ ಖಾಲಿ ನಡೆಸಿ ನೋಡಿ.

ಗಾಜಿನ ಗೂಡನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ನಿಲ್ಲಿಸಿದ ಕಾರಿನೊಳಗೆ ಆಗುವಂತೆಯೇ ಒಳಗಿನ ಬಿಸಿ ನಿಮಿಷಗಳಲ್ಲಿ ಏರುತ್ತದೆ. ಕರ್ನಾಟಕದಲ್ಲಿ ಹಾವು ಹಿಡಿದು ಕಾಡಿಗೆ ಬಿಡುವವರೂ ನೆನಪಿಡಬೇಕಾದ ಮಾತಿದು. ಚೀಲದಲ್ಲೋ ಡಬ್ಬಿಯಲ್ಲೋ ಇರುವ ಹಾವಿಗೆ ಸರಿಯಲು ನೆರಳಿಲ್ಲ, ಏಪ್ರಿಲ್‌ ಬಿಸಿಲಲ್ಲಿ ವಾಹನದಲ್ಲಿ ಬಿಟ್ಟು ಟೀ ಕುಡಿಯಲು ಹೋಗುವಂತಿಲ್ಲ.

ಚಳಿಗಾಲದಲ್ಲಿ ಕರೆಂಟ್‌ ಹೋದರೆ ಗಾಬರಿ ಬೇಡ. ಗಾಳಿಯಾಡಲು ಜಾಗ ಬಿಟ್ಟು ಗೂಡಿಗೆ ಕಂಬಳಿ ಹೊದಿಸಿ, ದಪ್ಪ ಟವೆಲ್‌ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ತುದಿಯಲ್ಲಿ ಇಡಿ. ಬಿಸಿ ಮರಳುವವರೆಗೆ ಊಟ ಕೊಡಬೇಡಿ. ಮೇಲೆ ಹೇಳಿದ ಲೆಕ್ಕ ನೆನಪಿರಲಿ: ಸ್ವಲ್ಪ ಹೊತ್ತಿನ ತಂಪಿಗಿಂತ ಗಾಬರಿಯಲ್ಲಿ ಕೊಟ್ಟ ಅತಿಬಿಸಿ ಹೆಚ್ಚು ಅಪಾಯ.

ನಮ್ಮ ದೇಶದಲ್ಲಿ ಸಾಕಬಹುದೇ?

ನಾಗರಹಾವು, ಕೇರೆಹಾವು, ಹೆಬ್ಬಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಎಷ್ಟೇ ಪ್ರೀತಿಯಿಂದ ಸಾಕಿದರೂ ಸರಿ. ಬಾಲ್‌ ಪೈಥಾನ್‌ನಂಥ ಹೊರದೇಶದ ಹಾವುಗಳು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಇಂಥವನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ದಾರಿ.

ಒಂದು ಕೊನೆಯ ಸಂಗತಿ. ಹಾವು ಒಳಗಿನಿಂದ ಬಿಸಿ ಹುಟ್ಟಿಸುವುದಿಲ್ಲ ಎಂದೆವಲ್ಲ, ಅದಕ್ಕೊಂದು ಅಪವಾದ ಇದೆ. ನ್ಯೂಯಾರ್ಕ್‌ನ ಮೃಗಾಲಯದಲ್ಲಿ ಮೊಟ್ಟೆಗಳ ಸುತ್ತ ಸುತ್ತಿಕೊಂಡಿದ್ದ ತಾಯಿ ಹೆಬ್ಬಾವೊಂದನ್ನು ಅಳೆದು ನೋಡಿದ ವಿಜ್ಞಾನಿಗಳು 1966ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಸುತ್ತಲಿನ ಗಾಳಿ ತಣ್ಣಗಾದಂತೆ ಅದು ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ, ತನ್ನ ಮೈಯನ್ನು ಗಾಳಿಗಿಂತ ಹಲವು ಡಿಗ್ರಿ ಬೆಚ್ಚಗೆ ಇಟ್ಟುಕೊಂಡಿತ್ತು. ತನಗಾಗಿ ಉರಿಸದ ಒಲೆಯನ್ನು ಅದು ಮೊಟ್ಟೆಗಳಿಗಾಗಿ ಉರಿಸುತ್ತದೆ. ಉಳಿದ ದಿನಗಳಲ್ಲಿ ಅದಕ್ಕೆ ಬಿಸಿಲೇ ಗತಿ. ಗಾಜಿನ ಪೆಟ್ಟಿಗೆಯಲ್ಲಿ ಆ ಬಿಸಿಲು ನಮ್ಮ ಕೈಯಲ್ಲಿರುವ ಸ್ವಿಚ್ಚು. ಅದನ್ನು ದಿನವೂ ನೋಡಿಕೊಳ್ಳುವ ತಾಳ್ಮೆ ಇದ್ದವರಷ್ಟೇ ಹಾವು ತರಬೇಕು.