ಬಳಸಿದ ಹಗ್ಗ ಕೊಳ್ಳಬಹುದೆ?

ಪ್ರಶ್ನೆ: ಕಠ್ಮಂಡುವಿನ ಥಮೇಲ್‌ನಲ್ಲಿ ಹಿಮಾರೋಹಣದ ಬಳಸಿದ ಸಲಕರಣೆ ಅಗ್ಗಕ್ಕೆ ಸಿಗುತ್ತದಂತೆ. ಕೊಳ್ಳಬಹುದೆ?

ಉತ್ತರ: ಲೋಹದ್ದನ್ನು ಪರೀಕ್ಷಿಸಿ ಕೊಳ್ಳಿ. ಐಸ್ ಆಕ್ಸ್, ಕ್ರ್ಯಾಂಪಾನ್, ಐಸ್ ಸ್ಕ್ರೂಗಳಲ್ಲಿ ಬಿರುಕು, ಬಾಗು, ತುಕ್ಕು ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತವೆ. ಮೊಂಡಾದ ಕ್ರ್ಯಾಂಪಾನ್ ಮೊನೆಯನ್ನು ಅರದಿಂದ ಉಜ್ಜಿ ಚೂಪು ಮಾಡಬಹುದು. ಗ್ರೈಂಡರ್ ಹಿಡಿದರೆ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ನಿಮ್ಮ ಬೂಟನ್ನೇ ಒಯ್ದು ತೊಡಿಸಿ ನೋಡಿ. ಮುಂದೆ ತಂತಿಯ ಕುಣಿಕೆ ಇರುವ ಕ್ರ್ಯಾಂಪಾನ್ ಕೂರಲು ಬೂಟಿನ ತುದಿಯಲ್ಲಿ ಅಂಚು ಬೇಕೇ ಬೇಕು, ಅಟ್ಟೆಯೂ ಬಾಗಬಾರದು.

ಹಗ್ಗ, ಹಾರ್ನೆಸ್, ಸ್ಲಿಂಗ್ ಹಾಗಲ್ಲ. ಬಿಸಿಲು, ಆಮ್ಲ, ವಯಸ್ಸು ಎಳೆಗಳನ್ನು ದುರ್ಬಲಗೊಳಿಸಿದ್ದು ಎಷ್ಟೋ ಸಲ ಹೊರಗೆ ತೋರುವುದೇ ಇಲ್ಲ. ಬಳಸದೆ ಇಟ್ಟಿದ್ದರೂ 10 ವರ್ಷ ದಾಟಿದ ಹಗ್ಗ ಬೇಡ ಎನ್ನುತ್ತಾರೆ ಹೆಚ್ಚಿನ ತಯಾರಕರು. ಅದರ ಮೇಲೆ ಹಿಂದಿನವರು ಎಷ್ಟು ಸಲ ಬಿದ್ದಿದ್ದರೋ, ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಹೆಲ್ಮೆಟ್‌ಗೂ ಇದೇ ಮಾತು. ದಯವಿಟ್ಟು ಇವನ್ನು ಹೊಸದಾಗಿಯೇ ಕೊಳ್ಳಿ.